ಚಪ್ಪಾಳೆ ಒಂದು, ಸದ್ದು ಹತ್ತು!

ಶಾಲಾ ಪ್ರವಾಸದಲ್ಲಿ ನೀವು ವಿಜಯಪುರಕ್ಕೆ ಹೋಗಿದ್ದೀರಾ? ಹೋಗಿದ್ದರೆ ಗೋಳಗುಮ್ಮಟವನ್ನು ನೋಡದೆ ಬಂದಿರಲಾರಿರಿ. ಮೂಲೆಯ ಏಳು ಅಂತಸ್ತಿನ ಗೋಪುರದ ಕಿರಿದಾದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಬೇಕು. ಆಮೇಲೆ ಗುಮ್ಮಟದ ಒಳಗೆ ಸುತ್ತಲೂ ಹರಡಿರುವ ಗ್ಯಾಲರಿಗೆ ಬರುತ್ತೇವೆ. ಅಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಸಾಕು, ‘ಟಪ್... ಟಪ್... ಟಪ್...’ ಎಂದು ಅದೇ ಸದ್ದು ಮತ್ತೆ ಮತ್ತೆ ಕೇಳಿಸುತ್ತದೆ. ಏಳು ಸಲ ಕೇಳಿತು ಎನ್ನುವವರಿದ್ದಾರೆ, ಹತ್ತು ಸಲ ಎನ್ನುವವರೂ ಇದ್ದಾರೆ.

ಇನ್ನೂ ಒಂದು ಸೋಜಿಗವಿದೆ. ಗೋಡೆಗೆ ಮುಖ ಹತ್ತಿರ ತಂದು ನೀವು ಪಿಸುಗುಟ್ಟಿದರೆ, ಎದುರಿನ ತುದಿಯಲ್ಲಿ ಗೋಡೆಗೆ ಕಿವಿಯಿಟ್ಟು ನಿಂತ ನಿಮ್ಮ ಗೆಳತಿಗೆ ಅದು ಕೇಳಿಸುತ್ತದೆ. ನಿಮ್ಮಿಬ್ಬರ ನಡುವೆ ಇರುವ ಅಂತರವಾದರೋ ಸುಮಾರು 38 ಮೀಟರ್!

ಊರಿಗೆ ಮರಳಿದ ಮೇಲೆ ನಿಮ್ಮ ತರಗತಿಯಲ್ಲೂ ಚಪ್ಪಾಳೆ ತಟ್ಟಿ ನೋಡಿ. ಒಂದೇ ಸದ್ದು. ಕೈ ಅದೇ, ಚಪ್ಪಾಳೆ ಅದೇ, ಗಾಳಿಯೂ ಅದೇ. ಹಾಗಾದರೆ ಗೋಳಗುಮ್ಮಟದಲ್ಲಿ ಏನು ವಿಶೇಷ? ಇದು ಮಾಯೆಯೂ ಅಲ್ಲ, ಮಂತ್ರವೂ ಅಲ್ಲ. ಕಾರಣವನ್ನು ನೀವೇ ಲೆಕ್ಕ ಹಾಕಿ ಕಂಡುಕೊಳ್ಳಬಹುದು. ಅದಕ್ಕೆ ಮೊದಲು ಶಬ್ದ ಹೇಗೆ ಹುಟ್ಟುತ್ತದೆ, ಹೇಗೆ ಸಾಗುತ್ತದೆ, ಎಷ್ಟು ವೇಗವಾಗಿ ಸಾಗುತ್ತದೆ ಎಂಬ ಮೂರು ಸಂಗತಿಗಳನ್ನು ತಿಳಿಯೋಣ.

ಶಬ್ದ ಹುಟ್ಟುವುದು ಹೇಗೆ?

ಅನೇಕ ಶಾಲೆಗಳಲ್ಲಿ ಗಂಟೆಯೆಂದರೆ ತೂಗುಹಾಕಿದ ಕಬ್ಬಿಣದ ತುಂಡು. ಗಂಟೆ ಬಾರಿಸಿದ ಕೂಡಲೇ ಅದನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಬೆರಳಿಗೆ ‘ಜುಂ’ ಎಂದು ನಡುಕ ತಾಗುತ್ತದೆ. ಕೈಯಿಂದ ಗಟ್ಟಿಯಾಗಿ ಹಿಡಿದರೆ ನಡುಕ ನಿಲ್ಲುತ್ತದೆ, ಅದರ ಜೊತೆಗೆ ಸದ್ದೂ ನಿಲ್ಲುತ್ತದೆ. ಈಗ ನಿಮ್ಮ ಗಂಟಲಿನ ಮೇಲೆ ಬೆರಳಿಟ್ಟು ‘ಆ...’ ಎನ್ನಿ. ಅಲ್ಲಿಯೂ ಅದೇ ನಡುಕ.

ವಸ್ತುವೊಂದು ಹೀಗೆ ಅತ್ತಿಂದಿತ್ತ ವೇಗವಾಗಿ ಅಲುಗಾಡುವುದನ್ನು ಕಂಪನ ಎನ್ನುತ್ತೇವೆ. ಎಲ್ಲ ಶಬ್ದಗಳ ಮೂಲವೂ ಕಂಪನವೇ. ತಮಟೆಯಲ್ಲಿ ಕಂಪಿಸುವುದು ಚರ್ಮ, ಏಕತಾರಿಯಲ್ಲಿ ತಂತಿ, ಕೊಳಲಿನಲ್ಲಿ ಅದರೊಳಗಿನ ಗಾಳಿ. ಸೊಳ್ಳೆಯ ‘ಗುಂಯ್’ ಸದ್ದು ಅದರ ಬಾಯಿಂದ ಬರುವುದಲ್ಲ. ಒಂದು ಸೆಕೆಂಡಿಗೆ ನೂರಾರು ಸಲ ಬಡಿಯುವ ರೆಕ್ಕೆಗಳಿಂದ ಬರುತ್ತದೆ.

ಮಾಡಿ ನೋಡಿ – 1

ಬೇಕಾಗುವ ಸಾಮಗ್ರಿಗಳು: ಅಗಲ ಬಾಯಿಯ ಒಂದು ಡಬ್ಬಿ, ಒಡೆದ ಬಲೂನು, ರಬ್ಬರ್ ಬ್ಯಾಂಡ್, ಹತ್ತಾರು ರಾಗಿ ಕಾಳು, ಒಂದು ತಟ್ಟೆ, ಒಂದು ಚಮಚ.

ಮಾಡುವ ವಿಧಾನ: ಬಲೂನಿನ ತುಂಡನ್ನು ಡಬ್ಬಿಯ ಬಾಯಿಗೆ ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಮೇಲೆ ರಾಗಿ ಕಾಳುಗಳನ್ನು ಉದುರಿಸಿ. ಡಬ್ಬಿಯನ್ನು ಮುಟ್ಟದೆ, ಅದರ ಹತ್ತಿರ ತಟ್ಟೆಯನ್ನು ಹಿಡಿದು ಚಮಚದಿಂದ ಜೋರಾಗಿ ಬಾರಿಸಿ.

ಏನಾಯಿತು? ರಾಗಿ ಕಾಳುಗಳು ಕುಣಿದವು. ತಟ್ಟೆಗೂ ಡಬ್ಬಿಗೂ ನಡುವೆ ಗಾಳಿಯ ಹೊರತು ಬೇರೇನೂ ಇರಲಿಲ್ಲ. ಅಂದರೆ ತಟ್ಟೆಯ ಕಂಪನವನ್ನು ಬಲೂನಿಗೆ ಮುಟ್ಟಿಸಿದ್ದು ಗಾಳಿಯೇ. ನಿಮ್ಮ ಕಿವಿಯೊಳಗೂ ಹೀಗೆಯೇ ಬಿಗಿದ ಒಂದು ತೆಳು ಪೊರೆ ಇದೆ. ಅದೇ ಕಿವಿತಮಟೆ.

ಗಾಳಿ ಸಾಗುವುದಿಲ್ಲ, ಶಬ್ದ ಸಾಗುತ್ತದೆ

‘ಹಾಗಾದರೆ ತಟ್ಟೆಯ ಬಳಿಯಿದ್ದ ಗಾಳಿಯೇ ಓಡಿಬಂದು ಬಲೂನಿಗೆ ಬಡಿಯಿತೆ?’ ಎಂದು ನೀವು ಕೇಳಬಹುದು. ಇಲ್ಲ. ಇಲ್ಲಿಯೇ ಬಹಳ ಮಂದಿ ತಪ್ಪು ತಿಳಿಯುತ್ತಾರೆ.

ಮಧ್ಯಾಹ್ನದ ಬಿಸಿಯೂಟಕ್ಕೆ ನೀವು ಸಾಲಾಗಿ ನಿಂತಿದ್ದೀರಿ ಎಂದುಕೊಳ್ಳಿ. ಒಬ್ಬೊಬ್ಬರ ಕೈ ಮುಂದಿನವರ ಹೆಗಲ ಮೇಲಿದೆ. ಕೊನೆಯಲ್ಲಿ ನಿಂತವನು ತನ್ನ ಮುಂದಿನವನನ್ನು ಮೆಲ್ಲಗೆ ತಳ್ಳುತ್ತಾನೆ. ಅವನು ಸ್ವಲ್ಪ ಮುಂದೆ ಬಾಗಿ, ತನ್ನ ಮುಂದಿನವನನ್ನು ತಳ್ಳಿ, ಮತ್ತೆ ನೆಟ್ಟಗಾಗುತ್ತಾನೆ. ತಳ್ಳುವಿಕೆ ಹೀಗೆ ಒಬ್ಬರಿಂದ ಒಬ್ಬರಿಗೆ ದಾಟುತ್ತ ಸಾಲಿನ ಮೊದಲನೆಯವನನ್ನು ತಲುಪುತ್ತದೆ. ಆದರೆ ಯಾರೊಬ್ಬರೂ ತಮ್ಮ ಜಾಗ ಬಿಟ್ಟು ಹೋಗಿಲ್ಲ! ಸಾಗಿದ್ದು ತಳ್ಳುವಿಕೆ ಮಾತ್ರ.

ಗಾಳಿಯ ಕಣಗಳು ಮಾಡುವುದೂ ಇದನ್ನೇ. ಕಂಪಿಸುವ ತಟ್ಟೆ ಮುಂದಕ್ಕೆ ಬಂದಾಗ ಅದರ ಎದುರಿಗಿರುವ ಗಾಳಿಯ ಕಣಗಳು ಒತ್ತಾಗುತ್ತವೆ. ಇದನ್ನು ಸಂಪೀಡನ ಎನ್ನುವರು. ತಟ್ಟೆ ಹಿಂದಕ್ಕೆ ಸರಿದಾಗ ಅಲ್ಲಿನ ಕಣಗಳು ವಿರಳವಾಗುತ್ತವೆ. ಇದನ್ನು ವಿರಳನ ಎನ್ನುವರು. ಒತ್ತು, ವಿರಳ, ಒತ್ತು, ವಿರಳ... ಹೀಗೆ ಒಂದರ ಹಿಂದೆ ಒಂದು ಸಾಗುವುದೇ ಶಬ್ದ ತರಂಗ. ಕಣಗಳು ತಾವಿದ್ದಲ್ಲಿಯೇ ಹಿಂದೆ ಮುಂದೆ ಅಲುಗಾಡುತ್ತವೆ, ತರಂಗ ಮಾತ್ರ ಮುಂದೆ ಹೋಗುತ್ತದೆ. ಕಣಗಳು ಅಲುಗುವ ದಿಕ್ಕು ಮತ್ತು ತರಂಗ ಸಾಗುವ ದಿಕ್ಕು ಒಂದೇ ಗೆರೆಯಲ್ಲಿ ಇರುವುದರಿಂದ ಇದನ್ನು ನೀಳ ತರಂಗ ಎಂದು ಕರೆಯುತ್ತಾರೆ.

ಕೆರೆಗೆ ಕಲ್ಲು ಎಸೆದಾಗ ಏಳುವ ಅಲೆಗಳೂ ಹೀಗೆಯೇ. ನೀರಿನ ಮೇಲೆ ತೇಲುವ ಎಲೆಯನ್ನು ಗಮನಿಸಿ. ಅಲೆ ದಡದತ್ತ ಹೋಗುತ್ತದೆ, ಎಲೆ ಮಾತ್ರ ಇದ್ದಲ್ಲಿಯೇ ಏರಿಳಿಯುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ನೀರಿನ ಅಲೆ ನೀರಿನ ಮೇಲ್ಮೈಯಲ್ಲಿ ಮಾತ್ರ ಬಳೆಯಂತೆ ಹರಡುತ್ತದೆ. ಶಬ್ದವಾದರೋ ಉಬ್ಬುತ್ತಿರುವ ಬಲೂನಿನಂತೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಲ್ಲ ಕಡೆಗೂ ಹರಡುತ್ತದೆ. ಹರಡಿದಷ್ಟೂ ತೆಳುವಾಗುತ್ತದೆ. ದೂರದವರಿಗೆ ನಮ್ಮ ಮಾತು ಕೇಳಿಸದಿರುವುದು ಇದರಿಂದಲೇ. ಈ ಮಾತನ್ನು ನೆನಪಿಡಿ, ಗೋಳಗುಮ್ಮಟಕ್ಕೆ ಹೋದಾಗ ಬೇಕಾಗುತ್ತದೆ.

ಗಾಳಿಯೇ ಇಲ್ಲದಿದ್ದರೆ?

ಸಾಲಿನಲ್ಲಿ ಮಕ್ಕಳೇ ಇಲ್ಲದಿದ್ದರೆ ತಳ್ಳುವಿಕೆ ದಾಟುವುದು ಹೇಗೆ? ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಬಾಯ್ಲ್ ಇದನ್ನು ಪರೀಕ್ಷಿಸಿದರು. ಟಿಕ್ ಟಿಕ್ ಎನ್ನುವ ಗಡಿಯಾರವೊಂದನ್ನು ಗಾಜಿನ ಪಾತ್ರೆಯೊಳಗೆ ದಾರದಿಂದ ತೂಗುಹಾಕಿ, ಪಂಪಿನಿಂದ ಗಾಳಿಯನ್ನು ಹೊರತೆಗೆಯುತ್ತ ಹೋದರು. ಗಾಳಿ ಕಡಿಮೆಯಾದಂತೆ ಸದ್ದೂ ಕ್ಷೀಣಿಸಿತು. ಗಡಿಯಾರದ ಮುಳ್ಳು ಚಲಿಸುವುದು ಕಾಣುತ್ತಿತ್ತು, ಸದ್ದು ಮಾತ್ರ ಕೇಳುತ್ತಿರಲಿಲ್ಲ! 1660ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಈ ಪ್ರಯೋಗವನ್ನು ವಿವರಿಸಿದ್ದಾರೆ.

2023ರ ಆಗಸ್ಟ್ 23ರಂದು ನಮ್ಮ ಚಂದ್ರಯಾನ–3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯಿತು. ಇಳಿಯುವಾಗ ಅದರ ಎಂಜಿನ್‌ಗಳು ಬೆಂಕಿಯುಗುಳುತ್ತಿದ್ದವು. ಆದರೆ ಸ್ವಲ್ಪ ದೂರದಲ್ಲಿ ಯಾರಾದರೂ ನಿಂತಿದ್ದರೆ ಅವರಿಗೆ ಆ ಆರ್ಭಟ ಕೇಳುತ್ತಿರಲಿಲ್ಲ. ಏಕೆಂದರೆ ಶಬ್ದವನ್ನು ಹೊತ್ತು ತರಲು ಅಲ್ಲಿ ಗಾಳಿಯೇ ಇಲ್ಲ.

ಶಬ್ದಕ್ಕೆ ಗಾಳಿಯೇ ಆಗಬೇಕೆಂದೇನೂ ಇಲ್ಲ. ನೀರು, ಮರ, ಕಬ್ಬಿಣ ಯಾವುದಾದರೂ ಸರಿ, ಒಂದು ಮಾಧ್ಯಮ ಇರಬೇಕು ಅಷ್ಟೆ. ಉದ್ದನೆಯ ಬೆಂಚಿನ ಒಂದು ತುದಿಗೆ ಕಿವಿಯಿಟ್ಟುಕೊಳ್ಳಿ. ಇನ್ನೊಂದು ತುದಿಯನ್ನು ಗೆಳೆಯ ಉಗುರಿನಿಂದ ಮೆಲ್ಲಗೆ ಕೆರೆಯಲಿ. ಗಾಳಿಯಲ್ಲಿ ಕೇಳಿಸದ ಸದ್ದು ಮರದೊಳಗಿನಿಂದ ಸ್ಪಷ್ಟವಾಗಿ ಕೇಳುತ್ತದೆ. (ರೈಲು ಹಳಿಗೆ ಕಿವಿಯಿಟ್ಟು ನೋಡುವ ಸಾಹಸ ಮಾತ್ರ ಎಂದಿಗೂ ಬೇಡ!)

ಶಬ್ದದ ವೇಗ ಎಷ್ಟು?

ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಲ್ಲವೆ? ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ, ‘ದಬ್’ ಎಂಬ ಸದ್ದು ಆಮೇಲೆ ಕೇಳುತ್ತದೆ. ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಹೀಗಾಗಿ ಅದು ನಮ್ಮ ಕಣ್ಣಿಗೆ ಆ ಕ್ಷಣವೇ ಬಂದು ಮುಟ್ಟುತ್ತದೆ. ಶಬ್ದಕ್ಕೆ ಅಷ್ಟು ಆತುರವಿಲ್ಲ. ಗಾಳಿಯಲ್ಲಿ ಅದರ ವೇಗ ಸೊನ್ನೆ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸೆಕೆಂಡಿಗೆ 331 ಮೀಟರ್, 20 ಡಿಗ್ರಿಯಲ್ಲಿ ಸುಮಾರು 343 ಮೀಟರ್. ಲೆಕ್ಕ ಸುಲಭವಾಗಲೆಂದು ನಾವು 340 ಮೀಟರ್ ಎಂದು ಇಟ್ಟುಕೊಳ್ಳೋಣ. ನೀರಿನಲ್ಲಿ ಶಬ್ದದ ವೇಗ ಇದರ ನಾಲ್ಕು ಪಟ್ಟಿಗಿಂತ ಹೆಚ್ಚು. ಉಕ್ಕಿನಲ್ಲಿ ಸೆಕೆಂಡಿಗೆ 5000 ಮೀಟರಿಗೂ ಹೆಚ್ಚು.

ಈ ತಿಳಿವಳಿಕೆ ಮಳೆಗಾಲದಲ್ಲಿ ನಿಮ್ಮ ಪ್ರಾಣವನ್ನೂ ಕಾಯಬಲ್ಲದು. ಮಿಂಚು ಕಂಡ ಕೂಡಲೇ ಸೆಕೆಂಡುಗಳನ್ನು ಎಣಿಸಿ. ಗುಡುಗು ಕೇಳಿದಾಗ ನಿಲ್ಲಿಸಿ. ಬಂದ ಸಂಖ್ಯೆಯನ್ನು 3ರಿಂದ ಭಾಗಿಸಿದರೆ ಮಿಂಚು ಎಷ್ಟು ಕಿಲೋಮೀಟರ್ ದೂರದಲ್ಲಿತ್ತು ಎಂಬುದು ತಿಳಿಯುತ್ತದೆ. 3 ಸೆಕೆಂಡಿನಲ್ಲಿ ಶಬ್ದ ಸುಮಾರು 1 ಕಿಲೋಮೀಟರ್ ಸಾಗುತ್ತದೆ ಅಲ್ಲವೆ? 15 ಎಣಿಸಿದರೆ 5 ಕಿಲೋಮೀಟರ್, 6 ಎಣಿಸಿದರೆ ಬರೀ 2 ಕಿಲೋಮೀಟರ್! ಆದರೆ ದೂರ ಹೆಚ್ಚಿದೆ ಎಂದು ಮೈಮರೆಯಬೇಡಿ. ಗುಡುಗು ಕೇಳಿಸುತ್ತಿದೆ ಎಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರದಲ್ಲಿದೆ ಎಂದೇ ಅರ್ಥ. ಹೊಲ, ಕೆರೆ, ಆಟದ ಬಯಲು ಬಿಟ್ಟು ಕೂಡಲೇ ಗಟ್ಟಿ ಕಟ್ಟಡದ ಒಳಗೆ ಹೋಗಿ. ಮರದ ಕೆಳಗೆ ಮಾತ್ರ ನಿಲ್ಲಲೇಬೇಡಿ.

ಗೋಡೆಗೆ ತಾಗಿ ಮರಳುವ ಶಬ್ದ

ಗೋಡೆಗೆ ಎಸೆದ ಚೆಂಡು ಮರಳಿ ಬರುತ್ತದೆ. ಶಬ್ದವೂ ಹಾಗೆಯೇ. ಗಟ್ಟಿಯಾದ ಗೋಡೆ, ಬಂಡೆ, ಬಾವಿಯ ನೀರು ಇವುಗಳಿಗೆ ತಾಗಿ ಹಿಂದಿರುಗುತ್ತದೆ. ಇದು ಶಬ್ದದ ಪ್ರತಿಫಲನ. ಹೀಗೆ ಮರಳಿ ಬಂದ ಸದ್ದು ನಮಗೆ ಬೇರೆಯಾಗಿ ಕೇಳಿದರೆ ಅದನ್ನು ಪ್ರತಿಧ್ವನಿ ಎನ್ನುತ್ತೇವೆ.

‘ಬೇರೆಯಾಗಿ ಕೇಳಿದರೆ’ ಎಂಬ ಮಾತು ಮುಖ್ಯ. ನಾವು ಕೇಳಿದ ಸದ್ದಿನ ಅನುಭವ ಸುಮಾರು 0.1 ಸೆಕೆಂಡಿನಷ್ಟು ಕಾಲ ನಮ್ಮ ಮಿದುಳಿನಲ್ಲಿ ಉಳಿದಿರುತ್ತದೆ. ಅಷ್ಟರೊಳಗೆ ಇನ್ನೊಂದು ಸದ್ದು ಬಂದರೆ ಎರಡೂ ಬೆರೆತು ಒಂದೇ ಎನಿಸುತ್ತವೆ. ಈಗ ಲೆಕ್ಕ ಮಾಡಿ. 0.1 ಸೆಕೆಂಡಿನಲ್ಲಿ ಶಬ್ದ ಸಾಗುವ ದೂರ 34 ಮೀಟರ್. ಹೋಗಲು ಅರ್ಧ, ಬರಲು ಅರ್ಧ. ಹಾಗಾದರೆ ಗೋಡೆ ನಮ್ಮಿಂದ ಕನಿಷ್ಠ 17 ಮೀಟರ್ ದೂರದಲ್ಲಿ ಇರಬೇಕು.

ನಿಮ್ಮ ತರಗತಿಯ ಗೋಡೆ ಎಷ್ಟು ದೂರದಲ್ಲಿದೆ? ಹೆಚ್ಚೆಂದರೆ ಆರೇಳು ಮೀಟರ್. ಅಲ್ಲಿಯೂ ಚಪ್ಪಾಳೆಯ ಸದ್ದು ಗೋಡೆಗಳಿಗೆ ತಾಗಿ ಮತ್ತೆ ಮತ್ತೆ ಮರಳುತ್ತಲೇ ಇರುತ್ತದೆ. ಆದರೆ ಅದು ತೀರ ಬೇಗ ಮರಳುವುದರಿಂದ ಮೂಲ ಸದ್ದಿನೊಂದಿಗೆ ಬೆರೆತುಹೋಗುತ್ತದೆ. ಹೀಗೆ ಬೆರೆತ ಸದ್ದು ಸ್ವಲ್ಪ ಹೊತ್ತು ಉಳಿಯುವುದನ್ನು ಅನುರಣನ ಎನ್ನುತ್ತಾರೆ. ಸುಣ್ಣ ಬಳಿಸಲೆಂದು ಕೋಣೆಯ ಸಾಮಾನುಗಳನ್ನೆಲ್ಲ ಹೊರಗಿಟ್ಟಾಗ ಮಾತು ‘ಗಂಯ್’ ಎನ್ನುವುದು ಇದರಿಂದಲೇ. ಬಟ್ಟೆ, ಹಾಸಿಗೆ, ಗೋಣಿಚೀಲದಂಥ ಮೆತ್ತನೆಯ ವಸ್ತುಗಳು ಶಬ್ದವನ್ನು ಹೀರಿಕೊಳ್ಳುತ್ತವೆ. ಅವು ಇದ್ದ ಕೋಣೆಯಲ್ಲಿ ಮಾತು ತಿಳಿಯಾಗಿ ಕೇಳುತ್ತದೆ.

ಮಾಡಿ ನೋಡಿ – 2: ಶಬ್ದದ ವೇಗವನ್ನು ನೀವೇ ಅಳೆಯಿರಿ

17ನೆಯ ಶತಮಾನದಲ್ಲಿ ಫ್ರಾನ್ಸಿನ ಮರಿನ್ ಮರ್ಸೆನ್ ಎಂಬ ವಿದ್ವಾಂಸರು ಪ್ರತಿಧ್ವನಿಯನ್ನು ಬಳಸಿಯೇ ಶಬ್ದದ ವೇಗವನ್ನು ಅಳೆಯಲು ಯತ್ನಿಸಿದ್ದರು. ನೀವೂ ಅಳೆಯಬಹುದು. ಶಿಕ್ಷಕರ ಜೊತೆಗೂಡಿ ಮಾಡಿ.

ಬೇಕಾಗುವ ಸಾಮಗ್ರಿಗಳು: ಅಳತೆ ಟೇಪು, ಎರಡು ಗಟ್ಟಿ ಮರದ ತುಂಡುಗಳು, ಸೆಕೆಂಡು ತೋರಿಸುವ ಗಡಿಯಾರ ಅಥವಾ ಸ್ಟಾಪ್ ವಾಚ್.

ಮಾಡುವ ವಿಧಾನ: ಎದುರಿಗೆ ದೊಡ್ಡ ಗೋಡೆಯಿರುವ ಬಯಲನ್ನು ಆರಿಸಿಕೊಳ್ಳಿ. ಗೋಡೆಯಿಂದ 85 ಮೀಟರ್ ಅಳೆದು ನಿಂತುಕೊಳ್ಳಿ. ಸುತ್ತಮುತ್ತ ಗದ್ದಲವಿರದ ಬೆಳಗಿನ ಹೊತ್ತು ಒಳ್ಳೆಯದು. ಮರದ ತುಂಡುಗಳನ್ನು ಒಂದಕ್ಕೊಂದು ಬಡಿದು ಪ್ರತಿಧ್ವನಿಯನ್ನು ಆಲಿಸಿ. ಆಮೇಲೆ ಹಿಂದಿನ ಬಡಿತದ ಪ್ರತಿಧ್ವನಿ ಬರುವ ಕ್ಷಣಕ್ಕೇ ಮುಂದಿನ ಬಡಿತ ಬೀಳುವಂತೆ ತಾಳ ಹಿಡಿದು ಬಡಿಯುತ್ತ ಹೋಗಿ. ತಾಳ ಸರಿಯಾಗಿ ಕೂತಾಗ ಪ್ರತಿಧ್ವನಿ ಬೇರೆಯಾಗಿ ಕೇಳುವುದಿಲ್ಲ. ಆಗ ಒಂದು ಬಡಿತಕ್ಕೆ ‘ಸೊನ್ನೆ’ ಎಂದು ಹೇಳಿ ಗಡಿಯಾರ ನೋಡಿ. 1, 2, 3 ಎಂದು ಎಣಿಸುತ್ತ 20 ಆದಾಗ ಮತ್ತೆ ಗಡಿಯಾರ ನೋಡಿ.

ಲೆಕ್ಕ: ಗೋಡೆಗೆ ಹೋಗಿ ಬರಲು 170 ಮೀಟರ್. 20 ಸಲಕ್ಕೆ 3400 ಮೀಟರ್. ಇದನ್ನು ನಿಮಗೆ ಸಿಕ್ಕ ಸೆಕೆಂಡುಗಳಿಂದ ಭಾಗಿಸಿ. 10 ಸೆಕೆಂಡಿನ ಆಸುಪಾಸು ಬಂದಿದ್ದರೆ ನಿಮ್ಮ ತಂಡಕ್ಕೆ ಶಹಬ್ಬಾಸ್! ಮೊದಲ ಸಲವೇ ತಾಳ ಕೂಡದಿದ್ದರೆ ಬೇಸರ ಬೇಡ. ಐದಾರು ಸಲ ಮಾಡಿ ಸರಾಸರಿ ತೆಗೆಯಿರಿ.

ಈಗ ಗೋಳಗುಮ್ಮಟಕ್ಕೆ ಹೋಗೋಣ

ಗೋಳಗುಮ್ಮಟ 1627ರಿಂದ 1656ರವರೆಗೆ ಆಳಿದ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಅದರ ಗುಮ್ಮಟ ಒಳಗಿನಿಂದ ಸುಮಾರು 38 ಮೀಟರ್ ಅಗಲವಿದೆ. ನಡುವೆ ಒಂದೇ ಒಂದು ಕಂಬವಿಲ್ಲ. ಗುಮ್ಮಟದ ಬುಡದಲ್ಲಿ ಒಳಸುತ್ತಿಗೆ ಇರುವ ಗ್ಯಾಲರಿಯಲ್ಲಿ ನಾವು ನಿಂತಿದ್ದೇವೆ.

ನೀವು ಚಪ್ಪಾಳೆ ತಟ್ಟುತ್ತೀರಿ. ಸದ್ದು 38 ಮೀಟರ್ ದಾಟಿ ಎದುರಿನ ಗೋಡೆಗೆ ತಾಗಿ, ಮತ್ತೆ 38 ಮೀಟರ್ ದಾಟಿ ನಿಮ್ಮ ಬಳಿಗೆ ಬರುತ್ತದೆ. ಒಟ್ಟು 76 ಮೀಟರ್. ಇದನ್ನು 340ರಿಂದ ಭಾಗಿಸಿದರೆ 0.22 ಸೆಕೆಂಡು. ನಮಗೆ ಬೇಕಾದ 0.1 ಸೆಕೆಂಡಿಗಿಂತ ಇದು ಹೆಚ್ಚು. ಆದ್ದರಿಂದ ಪ್ರತಿಧ್ವನಿ ಬೇರೆಯಾಗಿಯೇ ಕೇಳುತ್ತದೆ.

ಆ ಸದ್ದು ಅಲ್ಲಿಗೇ ನಿಲ್ಲುವುದಿಲ್ಲ. ನಿಮ್ಮ ಹಿಂದಿನ ಗೋಡೆಗೆ ತಾಗಿ ಮತ್ತೆ ಎದುರಿಗೆ ಹೊರಡುತ್ತದೆ, ಮತ್ತೆ ಮರಳುತ್ತದೆ. ಸುಮಾರಾಗಿ ಲೆಕ್ಕ ಹಾಕಿದರೆ ಹೀಗೆ ಬರುತ್ತದೆ:

1ನೆಯ ಪ್ರತಿಧ್ವನಿ – 76 ಮೀಟರ್ – 0.22 ಸೆಕೆಂಡ್
2ನೆಯ ಪ್ರತಿಧ್ವನಿ – 152 ಮೀಟರ್ – 0.45 ಸೆಕೆಂಡ್
3ನೆಯ ಪ್ರತಿಧ್ವನಿ – 228 ಮೀಟರ್ – 0.67 ಸೆಕೆಂಡ್
5ನೆಯ ಪ್ರತಿಧ್ವನಿ – 380 ಮೀಟರ್ – 1.12 ಸೆಕೆಂಡ್
7ನೆಯ ಪ್ರತಿಧ್ವನಿ – 532 ಮೀಟರ್ – 1.56 ಸೆಕೆಂಡ್
10ನೆಯ ಪ್ರತಿಧ್ವನಿ – 760 ಮೀಟರ್ – 2.24 ಸೆಕೆಂಡ್

ನೋಡಿದಿರಾ? ಹತ್ತನೆಯ ಸದ್ದು ಕೇಳುವ ಹೊತ್ತಿಗೆ ನಿಮ್ಮ ಒಂದು ಚಪ್ಪಾಳೆ ಮುಕ್ಕಾಲು ಕಿಲೋಮೀಟರ್ ಪ್ರಯಾಣ ಮಾಡಿದೆ! ಅದೂ ಒಂದೇ ಕಟ್ಟಡದ ಒಳಗೆ.

ಬಯಲಿನಲ್ಲಿ ಮುಕ್ಕಾಲು ಕಿಲೋಮೀಟರ್ ಆಚೆಯಿಂದ ತಟ್ಟಿದ ಚಪ್ಪಾಳೆ ನಮಗೆ ಕೇಳುವುದೆ? ಇಲ್ಲ. ಸದ್ದು ಎಲ್ಲ ಕಡೆಗೆ ಹರಡಿ ತೆಳುವಾಗಿಬಿಡುತ್ತದೆ. ಗೋಳಗುಮ್ಮಟದಲ್ಲಿ ಮಾತ್ರ ಏಕೆ ಉಳಿಯುತ್ತದೆ? ಅಲ್ಲಿನ ಗೋಡೆ ದುಂಡಗಿದೆ. ಹರಡಿಹೋಗುತ್ತಿರುವ ಸದ್ದನ್ನು ಬಾಗಿದ ಗೋಡೆ ಬಟ್ಟಲಿನಂತೆ ಹಿಡಿದು ಒಟ್ಟುಗೂಡಿಸಿ ಹಿಂದಕ್ಕೆ ಕಳಿಸುತ್ತದೆ. ಗೋಡೆ ಗಟ್ಟಿಯಾಗಿಯೂ ನಯವಾಗಿಯೂ ಇರುವುದರಿಂದ ಒಂದೊಂದು ಸಲ ತಾಗಿದಾಗಲೂ ನಷ್ಟವಾಗುವ ಸದ್ದು ಕಡಿಮೆ. ಆದರೂ ಪ್ರತಿ ಸುತ್ತಿಗೂ ಸದ್ದು ಸ್ವಲ್ಪ ಸ್ವಲ್ಪ ಸಣ್ಣದಾಗುತ್ತ ಹೋಗಿ, ಕೊನೆಗೆ ಕಿವಿಗೆ ನಿಲುಕದಂತಾಗುತ್ತದೆ.

ಒಬ್ಬರಿಗೆ ಏಳು, ಇನ್ನೊಬ್ಬರಿಗೆ ಹತ್ತು ಕೇಳುವುದೇಕೆ ಎಂಬುದು ಈಗ ತಿಳಿಯಿತಲ್ಲವೆ? ಕೊನೆಕೊನೆಯ ಪ್ರತಿಧ್ವನಿಗಳು ಬಹಳ ಸಣ್ಣವು. ಸುತ್ತ ಗದ್ದಲವಿದ್ದರೆ ಅವು ಅದರಲ್ಲಿ ಮುಳುಗಿಹೋಗುತ್ತವೆ. ನಿಶ್ಶಬ್ದವಿದ್ದರೆ ಎಣಿಕೆ ಹೆಚ್ಚುತ್ತದೆ.

ಗೋಡೆಯನ್ನು ಅಪ್ಪಿ ಸಾಗುವ ಪಿಸುಮಾತು

ಪಿಸುಮಾತಿನ ದಾರಿ ಬೇರೆ. ಅದು ನಡುವಿನ ಬಯಲನ್ನು ದಾಟಿ ಹೋಗುವುದಿಲ್ಲ. ಗೋಡೆಯ ಬಳಿ ಹೊರಟ ಸದ್ದು ಬಾಗಿದ ಗೋಡೆಗೆ ಓರೆಯಾಗಿ ತಾಗುತ್ತದೆ, ಸ್ವಲ್ಪ ಮುಂದೆ ಹೋಗಿ ಮತ್ತೆ ತಾಗುತ್ತದೆ, ಮತ್ತೆ ತಾಗುತ್ತದೆ. ಹೀಗೆ ಗೋಡೆಯನ್ನು ಅಪ್ಪಿಕೊಂಡೇ ಅರ್ಧ ಸುತ್ತು ಹಾಕುತ್ತದೆ. ಈ ದಾರಿ ಸುಮಾರು 60 ಮೀಟರ್. ನೇರ ದಾರಿಗಿಂತ ಇದು ಉದ್ದ. ಆದರೂ ಪಿಸುಮಾತು ಈ ದಾರಿಯಲ್ಲೇ ಚೆನ್ನಾಗಿ ತಲುಪುತ್ತದೆ. ಏಕೆಂದರೆ ಇಲ್ಲಿ ಸದ್ದು ಎಲ್ಲ ಕಡೆಗೂ ಹರಡದೆ, ಕಾಲುವೆಯಲ್ಲಿ ಹರಿಯುವ ನೀರಿನಂತೆ ಗೋಡೆಯಂಚಿನಲ್ಲೇ ಉಳಿಯುತ್ತದೆ. ಗೋಡೆಯಿಂದ ಒಂದೆರಡು ಹೆಜ್ಜೆ ದೂರ ಸರಿದು ನಿಂತರೆ ಪಿಸುಮಾತು ಅಷ್ಟು ಚೆನ್ನಾಗಿ ಕೇಳುವುದಿಲ್ಲ.

ಇದನ್ನು ಮೊದಲು ಸರಿಯಾಗಿ ವಿವರಿಸಿದವರು ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರ‍್ಯಾಲೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿಯೂ ಇಂಥ ಗ್ಯಾಲರಿ ಇದೆ. ರ‍್ಯಾಲೆ ಒಂದು ಸತುವಿನ ತಗಡನ್ನು ಅರ್ಧವೃತ್ತವಾಗಿ ಬಗ್ಗಿಸಿ ಅದರ ಮಾದರಿಯನ್ನು ಮಾಡಿದರು. ಒಂದು ತುದಿಯಲ್ಲಿ ಹಕ್ಕಿಯಂತೆ ಸಿಳ್ಳು ಹಾಕುವ ಪೀಪಿ ಇಟ್ಟರು. ಇನ್ನೊಂದು ತುದಿಯಲ್ಲಿ ಸಣ್ಣ ಸದ್ದಿಗೂ ಅದುರುವ ಜ್ವಾಲೆಯನ್ನಿಟ್ಟರು. ಪೀಪಿ ಊದಿದಾಗ ಜ್ವಾಲೆ ಅದುರಿತು. ಆಮೇಲೆ ತಗಡಿನ ಒಳಮೈಗೆ ತಾಗುವಂತೆ ಒಂದು ಕಿರಿದಾದ ಅಡ್ಡಪಟ್ಟಿಯನ್ನು ನಿಲ್ಲಿಸಿದರು. ನಡುವಿನ ಜಾಗವೆಲ್ಲ ಖಾಲಿಯೇ ಇತ್ತು, ಆದರೂ ಜ್ವಾಲೆ ಅದುರುವುದು ನಿಂತಿತು! ಸದ್ದು ಗೋಡೆಯಂಚಿನಲ್ಲೇ ಸಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕೆ?

ನಮ್ಮ ಸರ್ ಸಿ.ವಿ. ರಾಮನ್ ಅವರಿಗೂ ಶಬ್ದವೆಂದರೆ ಬಲು ಪ್ರೀತಿ. 1921ರಲ್ಲಿ ಇಂಗ್ಲೆಂಡಿಗೆ ಹೋಗಿದ್ದಾಗ ಅವರು ಸೇಂಟ್ ಪಾಲ್ಸ್ ಚರ್ಚಿನ ಗ್ಯಾಲರಿಯಲ್ಲಿ ಪ್ರಯೋಗ ನಡೆಸಿದರು. ಗೋಳಗುಮ್ಮಟವೂ ಸೇರಿದಂತೆ ನಮ್ಮ ದೇಶದ ಪಿಸುಮಾತಿನ ಗ್ಯಾಲರಿಗಳನ್ನೂ ಅಭ್ಯಾಸ ಮಾಡಿ ಲೇಖನ ಬರೆದರು. ಮೃದಂಗ ಮತ್ತು ತಬಲಗಳಿಂದ ಇಂಪಾದ ನಾದ ಹೊರಡುವುದೇಕೆ ಎಂಬುದನ್ನೂ ಅವರು ಸಂಶೋಧಿಸಿದ್ದರು. ಬೆಳಕಿನ ಬಗೆಗಿನ ಸಂಶೋಧನೆಗೆ 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಾಮನ್, 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ಫೆಬ್ರವರಿ 28ನ್ನು ನಾವು ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುವುದು ಅವರ ಸಂಶೋಧನೆಯ ನೆನಪಿಗಾಗಿಯೇ.

ಕೂಗಿದರೆ ಏನಾಗುತ್ತದೆ?

ಗೋಳಗುಮ್ಮಟಕ್ಕೆ ಹೋದವರಲ್ಲಿ ಬಹಳ ಮಂದಿ ನಿರಾಶರಾಗಿ ಬರುತ್ತಾರೆ. ‘ಪಿಸುಮಾತು ಕೇಳಲೇ ಇಲ್ಲ’ ಎನ್ನುತ್ತಾರೆ. ತಪ್ಪು ಕಟ್ಟಡದ್ದಲ್ಲ. ಗ್ಯಾಲರಿಯಲ್ಲಿ ನೂರು ಜನ ಒಟ್ಟಿಗೆ ‘ಹೋ’ ಎಂದು ಕೂಗುತ್ತಿರುತ್ತಾರೆ. ಒಂದೊಂದು ಕೂಗೂ ಹತ್ತಾಗುತ್ತದೆ, ನೂರು ಕೂಗು ಸಾವಿರವಾಗುತ್ತದೆ. ಆ ಸಂತೆಯಲ್ಲಿ ಯಾರ ಪಿಸುಮಾತು ಯಾರಿಗೆ ಕೇಳೀತು? ಮುಂದಿನ ಸಲ ನಿಮ್ಮ ಶಾಲೆಯವರು ಹೋದಾಗ ಹೀಗೆ ಮಾಡಿ. ಬೆಳಗ್ಗೆ ಬೇಗ ಹೋಗಿ. ಎಲ್ಲರೂ ಎರಡೇ ನಿಮಿಷ ಬಾಯಿ ಮುಚ್ಚಿ ನಿಲ್ಲಿ. ಒಬ್ಬರು ಮಾತ್ರ ಪಿಸುಗುಟ್ಟಿ, ಒಬ್ಬರು ಮಾತ್ರ ಚಪ್ಪಾಳೆ ತಟ್ಟಿ. ಮೂರೂವರೆ ಶತಮಾನಕ್ಕೂ ಹಿಂದೆ ಕಟ್ಟಿದ ಗೋಡೆ ಆಗ ನಿಮ್ಮೊಡನೆ ಮಾತಾಡುತ್ತದೆ. ಅದರ ಮೇಲೆ ಹೆಸರು ಕೆತ್ತಿ ಗಾಯ ಮಾಡಬೇಡಿ.

ಗದ್ದಲದಿಂದ ಕೆಡುವುದು ಪ್ರವಾಸ ಮಾತ್ರವಲ್ಲ. ನಮ್ಮ ಕಿವಿಯ ಒಳಭಾಗದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಅಂಗವಿದೆ. ಅದರೊಳಗೆ ಸೂಕ್ಷ್ಮವಾದ ರೋಮಕೋಶಗಳಿವೆ. ಒಂದೊಂದು ಕಿವಿಯಲ್ಲೂ ಸುಮಾರು 15 ಸಾವಿರ. ಶಬ್ದದ ಕಂಪನವನ್ನು ಮಿದುಳಿಗೆ ತಿಳಿಸುವ ದೂತರು ಇವೇ. ಅತಿ ಜೋರಾದ ಸದ್ದನ್ನು ಹೆಚ್ಚು ಹೊತ್ತು ಕೇಳಿದರೆ ಈ ಕೋಶಗಳು ಸಾಯುತ್ತವೆ. ತಲೆಯ ಕೂದಲು ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ, ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೆರವಣಿಗೆಯ ಧ್ವನಿವರ್ಧಕದ ಎದುರಿಗೇ ನಿಲ್ಲುವುದು, ಕಿವಿಯ ಹತ್ತಿರ ಪಟಾಕಿ ಸಿಡಿಸುವುದು, ಇಯರ್‌ಫೋನಿನಲ್ಲಿ ಗಟ್ಟಿಯಾಗಿ ಹಾಡು ಕೇಳುವುದು ಇವೆಲ್ಲ ಅಪಾಯಕಾರಿ.

ನಿಮ್ಮ ತರಗತಿಯಲ್ಲಿ ಯಾರಾದರೂ ಕರೆದಾಗ ತಿರುಗಿ ನೋಡದಿದ್ದರೆ, ಪದೇ ಪದೇ ‘ಏನು?’ ಎಂದು ಕೇಳಿದರೆ ನಗಬೇಡಿ. ಅವರಿಗೆ ಸರಿಯಾಗಿ ಕೇಳಿಸದಿರಬಹುದು. ಶಿಕ್ಷಕರಿಗೆ ತಿಳಿಸಿ, ಮುಂದಿನ ಸಾಲಿನಲ್ಲಿ ಜಾಗ ಕೊಡಿ, ಅವರ ಮುಖ ನೋಡುತ್ತ ನಿಧಾನವಾಗಿ ಮಾತಾಡಿ. ಶಬ್ದ ದೂರ ಹೋದಷ್ಟೂ ತೆಳುವಾಗುತ್ತದೆ, ಗೋಡೆಗಳಿಂದ ಮರಳಿದ ಸದ್ದು ಅದರಲ್ಲಿ ಬೆರೆಯುತ್ತದೆ ಎಂಬುದು ನಿಮಗೀಗ ಗೊತ್ತು. ಹಿಂದಿನ ಬೆಂಚಿಗೂ ಮುಂದಿನ ಬೆಂಚಿಗೂ ಇರುವ ಆರು ಮೀಟರ್ ನಿಮಗೆ ಏನೂ ಅನ್ನಿಸದಿರಬಹುದು. ಅವರ ಪಾಲಿಗೆ ಅದು ಪಾಠ ತಿಳಿಯುವುದಕ್ಕೂ ತಿಳಿಯದಿರುವುದಕ್ಕೂ ನಡುವಿನ ಅಂತರ.

ನಿಮಗೆ ಗೊತ್ತೆ?

* ಒಂದು ಸೆಕೆಂಡಿನಲ್ಲಿ ಆಗುವ ಕಂಪನಗಳ ಸಂಖ್ಯೆಯನ್ನು ಆವೃತ್ತಿ ಎನ್ನುತ್ತಾರೆ. ಅದರ ಮಾನ ಹರ್ಟ್ಸ್. ಮನುಷ್ಯರಿಗೆ ಕೇಳುವುದು ಸುಮಾರು 20ರಿಂದ 20,000 ಹರ್ಟ್ಸ್ ವರೆಗಿನ ಶಬ್ದ ಮಾತ್ರ.
* ಆವೃತ್ತಿ ಹೆಚ್ಚಾದರೆ ಸ್ವರ ಕೀರಲಾಗುತ್ತದೆ, ಕಡಿಮೆಯಾದರೆ ದಪ್ಪವಾಗುತ್ತದೆ. ಕಂಪನದ ಹರವು ಹೆಚ್ಚಾದರೆ ಸದ್ದು ಜೋರಾಗುತ್ತದೆ.
* ಕೀಟಗಳನ್ನು ತಿನ್ನುವ ಬಾವಲಿಗಳು ನಮಗೆ ಕೇಳಿಸದಷ್ಟು ಹೆಚ್ಚು ಆವೃತ್ತಿಯ ಕೂಗು ಹಾಕಿ, ಅದರ ಪ್ರತಿಧ್ವನಿಯಿಂದಲೇ ಕತ್ತಲಲ್ಲಿ ಬೇಟೆಯನ್ನು ಪತ್ತೆ ಮಾಡುತ್ತವೆ.
* ಆನೆಗಳು 20 ಹರ್ಟ್ಸ್‌ಗಿಂತ ಕಡಿಮೆ ಆವೃತ್ತಿಯ ಸದ್ದಿನಲ್ಲಿ ಕಿಲೋಮೀಟರುಗಟ್ಟಲೆ ದೂರದ ಆನೆಗಳಿಗೆ ಸಂದೇಶ ಕಳಿಸಬಲ್ಲವು.

ಯೋಚಿಸಿ ಉತ್ತರಿಸಿ

1. ಬೆಟ್ಟವೊಂದರ ಎದುರು ನಿಂತು ಕೂಗಿದಾಗ 2 ಸೆಕೆಂಡಿನ ನಂತರ ಪ್ರತಿಧ್ವನಿ ಕೇಳಿತು. ಬೆಟ್ಟ ಎಷ್ಟು ದೂರದಲ್ಲಿದೆ?
2. ಮಿಂಚು ಕಂಡ 9 ಸೆಕೆಂಡಿನ ಮೇಲೆ ಗುಡುಗು ಕೇಳಿತು. ಮಿಂಚು ಎಷ್ಟು ದೂರದಲ್ಲಿತ್ತು?
3. ಗೋಳಗುಮ್ಮಟದ ಒಳಗೋಡೆಗೆ ಪೂರ್ತಿಯಾಗಿ ದಪ್ಪ ಕಂಬಳಿ ಹೊದಿಸಿದರೆ ಏನಾಗಬಹುದು?

ಉತ್ತರಗಳು: 1. ಸುಮಾರು 340 ಮೀಟರ್ (ಹೋಗಿ ಬರಲು 680 ಮೀಟರ್). 2. ಸುಮಾರು 3 ಕಿಲೋಮೀಟರ್. 3. ಇದನ್ನು ನಾವು ಹೇಳುವುದಿಲ್ಲ. ನಿಮ್ಮ ತರಗತಿಯಲ್ಲಿ ಚರ್ಚಿಸಿ!